ಸರ್ವರ್ ಅಂಕಗಳನ್ನು ಎಷ್ಟು ನಂಬಬಹುದು?

ಪ್ರಶ್ನೆ: ಪ್ರತಿಯೊಂದು ಕಂಪನಿಯೂ ತನ್ನ ಸರ್ವರೇ ಅತಿ ವೇಗದ್ದೆಂದು ಪರೀಕ್ಷಾ ಅಂಕಗಳನ್ನು ಮುಂದಿಡುತ್ತದೆ. ಎಲ್ಲರೂ ಮೊದಲಿಗರಾಗುವುದು ಹೇಗೆ ಸಾಧ್ಯ?

ಉತ್ತರ: ಅಳತೆಗೋಲನ್ನು ಅವರವರೇ ಆರಿಸಿಕೊಂಡರೆ ಖಂಡಿತ ಸಾಧ್ಯ. ಈ ಗೊಂದಲವನ್ನು ತಡೆಯಲೆಂದೇ 1988ರಲ್ಲಿ ಸ್ಪೆಕ್ ಮತ್ತು ಟಿಪಿಸಿ ಎಂಬ ಎರಡು ಸಂಸ್ಥೆಗಳು ಹುಟ್ಟಿಕೊಂಡವು. ಪೈಪೋಟಿಗಿಳಿದಿದ್ದ ತಯಾರಕರೇ ಒಂದೆಡೆ ಕುಳಿತು ಸಮಾನ ನಿಯಮಗಳನ್ನು ರೂಪಿಸಿದರು. ಆದರೆ ನಿಯಮವಿದ್ದಲ್ಲಿ ಒಳದಾರಿಯೂ ಇರುತ್ತದೆ. ಸ್ಪೆಕ್‌ನ ಮೊದಲ ಪರೀಕ್ಷಾಗುಚ್ಛದಲ್ಲಿದ್ದ ಮ್ಯಾಟ್ರಿಕ್ಸ್300 ಎಂಬ ಪ್ರೋಗ್ರಾಮಿನ ಬಹುಪಾಲು ಸಮಯ ಒಂದು ಚಿಕ್ಕ ಲೆಕ್ಕಾಚಾರದಲ್ಲೇ ಕಳೆಯುತ್ತಿದ್ದುದರಿಂದ, ಕಂಪೈಲರ್‌ಗಳು (ಪ್ರೋಗ್ರಾಮನ್ನು ಯಂತ್ರಭಾಷೆಗೆ ತರುವ ತಂತ್ರಾಂಶಗಳು) ಅದೊಂದನ್ನೇ ಚುರುಕುಗೊಳಿಸಿ ಆ ಪ್ರೋಗ್ರಾಮಿನ ಅಂಕವನ್ನು ಹಲವು ಪಟ್ಟು ಏರಿಸಿದವು; ಉಳಿದ ಪ್ರೋಗ್ರಾಮುಗಳಿಗೆ ಅಷ್ಟು ಲಾಭವಾಗಲಿಲ್ಲ. 1992ರ ಆವೃತ್ತಿಯಲ್ಲಿ ಅದನ್ನು ಕೈಬಿಡಬೇಕಾಯಿತು. ಎಲ್ಲ ಪ್ರೋಗ್ರಾಮುಗಳ ಸರಾಸರಿಯಾದ ಒಟ್ಟು ಅಂಕವನ್ನು ಒಂದೇ ಪ್ರೋಗ್ರಾಮು ಹೇಗೆ ಮೇಲೆಳೆಯಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ.

ಡೇಟಾಬೇಸ್ ವಹಿವಾಟನ್ನು ಅಳೆಯುವ ಟಿಪಿಸಿ-ಸಿ ಪರೀಕ್ಷೆಯಲ್ಲಿ ವೇಗದೊಂದಿಗೆ ವ್ಯವಸ್ಥೆಯ ಬೆಲೆಯನ್ನೂ ಪ್ರಕಟಿಸಬೇಕು, ಫಲಿತಾಂಶವನ್ನು ಸ್ವತಂತ್ರ ಪರಿಶೋಧಕರು ದೃಢೀಕರಿಸಬೇಕು. ಇದು ನಿಜಕ್ಕೂ ಮೆಚ್ಚತಕ್ಕ ಕ್ರಮ. ಆದರೂ ದಾಖಲೆ ಮುರಿಯುವ ಯಂತ್ರಗಳಿಗೆ ಸಾಮಾನ್ಯ ಕಚೇರಿ ಕೊಳ್ಳದಷ್ಟು ಡಿಸ್ಕು, ಮೆಮೊರಿ ಜೋಡಿಸಿರುವುದುಂಟು. ಆದ್ದರಿಂದ ಒಟ್ಟು ಅಂಕವನ್ನು ಬದಿಗಿಟ್ಟು, ನಿಮ್ಮ ಕೆಲಸವನ್ನು ಹೋಲುವ ಬಿಡಿ ಪರೀಕ್ಷೆಯ ಫಲಿತಾಂಶವನ್ನೂ ಯಂತ್ರದ ಜೋಡಣೆಯ ಪೂರ್ಣ ವಿವರವನ್ನೂ ಮೊದಲು ಓದಿ. ಸಾಧ್ಯವಾದರೆ ನಿಮ್ಮದೇ ದತ್ತಾಂಶವನ್ನು ಅದರ ಮೇಲೆ ಓಡಿಸಿ ನೋಡಿ.