ಗ್ರಾಹಕರಿಗೆ ‘ನಿಮ್ಮ ಮಾಹಿತಿ ಎಲ್ಲೂ ಹೋಗಲ್ಲ’ ಅಂತ ಹೇಗೆ ಹೇಳಲಿ?

ಪ್ರಶ್ನೆ: ನಾನು ಕಸ್ಟಮರ್ ಸಪೋರ್ಟ್‌ನಲ್ಲಿದ್ದೇನೆ. ಗ್ರಾಹಕರು ಹೇಳಿಕೊಳ್ಳುವ ದೂರು, ಕಷ್ಟ ಎಲ್ಲವನ್ನೂ ಒಂದು ಸಾಫ್ಟ್‌ವೇರ್‌ನಲ್ಲಿ ಬರೆದಿಡುತ್ತೇವೆ. ಅದನ್ನೆಲ್ಲ ಎಐ ತರಬೇತಿಗೆ ಬಳಸುತ್ತೇವೆ ಅಂತ ಆ ಸಾಫ್ಟ್‌ವೇರ್‌ನ ಹೊಸ ನಿಯಮದಲ್ಲಿದೆ. ಮ್ಯಾನೇಜರ್‌ಗೆ ಹೇಳಿದರೆ "ಎಲ್ಲರೂ ಅದನ್ನೇ ಮಾಡೋದು, ನಿಮ್ಮ ಕೆಲಸ ನೋಡಿ" ಅಂದರು. "ನನ್ನ ವಿಷಯ ಬೇರೆಲ್ಲೂ ಹೋಗಲ್ಲ ತಾನೇ?" ಅಂತ ಗ್ರಾಹಕರು ಕೇಳಿದಾಗ ಹೋಗಲ್ಲ ಅನ್ನೋಕೆ ಬಾಯಿ ಬರುತ್ತಿಲ್ಲ. ಕೆಲಸ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ, ಈಗಲೇ ಅಂತೂ ಬೇಡ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಜನ ಕಷ್ಟ ಹೇಳಿಕೊಂಡಿದ್ದು ತಮ್ಮ ದೂರು ಬಗೆಹರಿಯಲಿ ಅಂತ, ಇನ್ಯಾರದೋ ಎಐ ಕಲಿಯಲಿ ಅಂತ ಅಲ್ಲ.

‘ಎಲ್ಲರೂ ಮಾಡೋದು’ ಅನ್ನುವ ಮಾತಿಗೆ ಸೋಲಬೇಡಿ. 2023ರ ಆಗಸ್ಟ್‌ನಲ್ಲಿ ಝೂಮ್ ನಿಯಮಗಳ ಬಗ್ಗೆ ಇದೇ ಥರ ಗಲಾಟೆ ಆಯಿತು. ಬಳಸುವವರು ಜೋರಾಗಿ ಕೇಳಿದ ಮೇಲೆ ಕಂಪನಿ ಕೆಲವೇ ದಿನಗಳಲ್ಲಿ ನಿಯಮ ತಿದ್ದಿ, ಗ್ರಾಹಕರ ಆಡಿಯೋ, ವಿಡಿಯೋ, ಚಾಟ್‌ಗಳನ್ನು ಎಐ ತರಬೇತಿಗೆ ಬಳಸಲ್ಲ ಅಂತ ಬರೆಯಿತು. 2024ರ ಮೇ ತಿಂಗಳಲ್ಲಿ ಆಫೀಸುಗಳಲ್ಲಿ ಚಾಟ್‌ಗೆ ಬಳಸುವ ಸ್ಲ್ಯಾಕ್ ಆ್ಯಪ್‌ನ ಸರದಿ. ಅಲ್ಲಿ ತಮ್ಮ ಡೇಟಾ ತರಬೇತಿಗೆ ಬೇಡ ಅನ್ನುವವರು ಇಮೇಲ್ ಕಳಿಸಬೇಕಿತ್ತು, ಅದನ್ನೂ ಒಬ್ಬ ನೌಕರ ಕಳಿಸಿದರೆ ಆಗುತ್ತಿರಲಿಲ್ಲ, ಇಡೀ ಸಂಸ್ಥೆಯ ಪರವಾಗಿ ಖಾತೆಯ ಹೊಣೆ ಹೊತ್ತವರೇ ಕಳಿಸಬೇಕಿತ್ತು.

ನಿಮ್ಮಲ್ಲೂ ಹೀಗೇ ಇರುವ ಸಾಧ್ಯತೆ ಜಾಸ್ತಿ. ನಿರ್ಧಾರ ನಿಮ್ಮ ಕೈಯಲ್ಲೂ ಇಲ್ಲ, ಬಹುಶಃ ನಿಮ್ಮ ಮ್ಯಾನೇಜರ್ ಕೈಯಲ್ಲೂ ಇಲ್ಲ, ಆ ಸಾಫ್ಟ್‌ವೇರ್ ಖಾತೆಯನ್ನು ನೋಡಿಕೊಳ್ಳುವ ಅಡ್ಮಿನ್ ಕೈಯಲ್ಲಿದೆ. ಅವರು ಯಾರು ಅಂತ ಪತ್ತೆ ಮಾಡಿ, ಕಾನೂನು ವಿಭಾಗ ಇದ್ದರೆ ಅವರನ್ನೂ ಸೇರಿಸಿ ಒಂದು ಇಮೇಲ್ ಹಾಕಿ. ಬೇಸರ, ಆತಂಕ ಏನೂ ತೋಡಿಕೊಳ್ಳಬೇಡಿ, ಸುಮ್ನೆ ಪ್ರಶ್ನೆ ಕೇಳಿ: ನಮ್ಮ ಖಾತೆಯಲ್ಲಿ ತರಬೇತಿ ಆಯ್ಕೆ ಆನ್ ಇದೆಯಾ? ಯಾವಾಗಿನಿಂದ? ಆಫ್ ಮಾಡಬಹುದಾ? ಗ್ರಾಹಕರು ಕೇಳಿದರೆ ನಾನು ಏನು ಹೇಳಬೇಕು? ಎಐ ಒಂದು ದೂರನ್ನು ಚಿಕ್ಕದಾಗಿ ಬರೆದುಕೊಡುವುದು ಬೇರೆ, ಆ ದೂರಿನಿಂದಲೇ ಕಲಿಯುವುದು ಬೇರೆ, ಹಾಗಾಗಿ ‘ಎಐ ಇದೆಯಾ’ ಅಂತ ಕೇಳದೆ ‘ತರಬೇತಿಗೆ ಹೋಗುತ್ತಾ’ ಅಂತಲೇ ಕೇಳಿ. ತಡ ಮಾಡಬೇಡಿ. ಆಫ್ ಮಾಡಿದರೆ ಸಾಮಾನ್ಯವಾಗಿ ಅವತ್ತಿನಿಂದ ಮುಂದಿನದಷ್ಟೇ ನಿಲ್ಲುತ್ತದೆ. ಎಐ ಒಮ್ಮೆ ಕಲಿತದ್ದರಿಂದ ಒಬ್ಬರ ಮಾಹಿತಿಯನ್ನು ಮಾತ್ರ ಹೊರಗೆ ತೆಗೆಯುವುದು ತುಂಬಾ ಕಷ್ಟ.

ಉತ್ತರ ಬರೋವರೆಗೆ ಗ್ರಾಹಕರಿಗೆ ‘ಹೋಗಲ್ಲ’ ಅಂತ ಮಾತು ಕೊಡಬೇಡಿ. "ವಿಚಾರಿಸಿ ಹೇಳುತ್ತೇನೆ" ಅನ್ನಿ, ನಿಜಕ್ಕೂ ವಿಚಾರಿಸಿ ಹೇಳಿ. ಇನ್ನೊಂದು ಕೆಲಸ ಇವತ್ತಿನಿಂದಲೇ ನಿಮ್ಮ ಕೈಲಾಗುತ್ತದೆ: ನೋಟ್ಸ್ ಬರೆಯುವ ಜಾಗದಲ್ಲಿ ಕಡಿಮೆ ಬರೆಯಿರಿ. ‘ಗಂಡನಿಗೆ ಆಪರೇಷನ್ ಆಗಿದೆ, ದುಡ್ಡಿಲ್ಲ, ಅಳುತ್ತಿದ್ದರು’ ಅಂತ ಬರೆಯುವ ಬದಲು ‘ಕಂತಿಗೆ ಎರಡು ವಾರ ಸಮಯ ಕೇಳಿದ್ದಾರೆ’ ಅಂದರೆ ಸಾಕಲ್ವಾ? ಹಾಗೇ, ಎಷ್ಟೇ ಕೋಪ ಬಂದರೂ ಗ್ರಾಹಕರ ವಿವರ ಇರುವ ಸ್ಕ್ರೀನ್‌ಶಾಟ್ ತೆಗೆದು ಹೊರಗೆ ಹಾಕಬೇಡಿ. ಆಗ ಅವರ ಗುಟ್ಟು ಬಿಟ್ಟುಕೊಟ್ಟವರು ನೀವೇ ಆಗುತ್ತೀರಿ.

ಡೇಟಾ ತರಬೇತಿಗೆ ಹೋಗುತ್ತಿದೆ ಅಂತ ಗೊತ್ತಿದ್ದೂ ‘ಹೋಗಲ್ಲ ಅನ್ನಿ’ ಅಂತ ಮೇಲಿನವರು ಹೇಳಿದರೆ, ಆ ಮಾತನ್ನು ಬರವಣಿಗೆಯಲ್ಲಿ ಕೇಳಿ. ಕೊಟ್ಟರೂ ಕೊಡದಿದ್ದರೂ ಆ ಸುಳ್ಳು ಮಾತ್ರ ಹೇಳಬೇಡಿ. ಆಗಲೂ ಒತ್ತಾಯ ಮಾಡಿದರೆ ಬೇರೆ ಕೆಲಸ ಹುಡುಕಲು ಶುರು ಮಾಡಿ.