ಬಂದರು ಒಂದೇ ಸಾಲದು: ಮುಂಬೈ ದುಡ್ಡಿನ ಊರಾದದ್ದು ಹೇಗೆ?

ಪಶ್ಚಿಮ ಕರಾವಳಿಯ ಉದ್ದಕ್ಕೂ ಬಂದರುಗಳಿವೆ, ಮುಂಬೈಯೇ ಯಾಕೆ ದುಡ್ಡಿನ ಊರಾಯಿತು, ಗೋವಾ, ಕಾರವಾರ, ಮಂಗಳೂರು ಯಾಕೆ ಆಗಲಿಲ್ಲ ಅಂತ ಕೇಳಿದ್ದೀರಿ. ನಾನು ಕುಮಟಾ ಕಡೆಯವನು, ಹೊಟ್ಟೆಪಾಡಿಗೆ ಬಂದು ಡೊಂಬಿವಲಿಯಲ್ಲಿ ನೆಲೆ ನಿಂತವನು. ಉತ್ತರದಲ್ಲಿ ಊರಿನ ಹೊಟ್ಟೆಕಿಚ್ಚು ಸ್ವಲ್ಪ ಸೇರಿಕೊಂಡರೆ ಸಹಿಸಿಕೊಳ್ಳಿ.

ಬಂದರು ಚೆನ್ನಾಗಿತ್ತು, ಅದಕ್ಕೇ ಬೆಳೆಯಿತು ಅನ್ನುವುದು ಅರ್ಧ ಉತ್ತರವೂ ಅಲ್ಲ. ಇದೇ ಬಂದರು 1534ರಿಂದ ನೂರು ವರ್ಷಕ್ಕೂ ಜಾಸ್ತಿ ಪೋರ್ಚುಗೀಸರ ಕೈಯಲ್ಲಿತ್ತು. ಆಗ ಇಲ್ಲಿ ಹೇಳಿಕೊಳ್ಳುವಂಥದ್ದೇನೂ ಬೆಳೆಯಲಿಲ್ಲ. ಪೋರ್ಚುಗಲ್ಲಿನ ರಾಜಕುಮಾರಿಯನ್ನು ಮದುವೆ ಮಾಡಿಕೊಡುವ 1661ರ ಒಪ್ಪಂದದಲ್ಲಿ ಅದು ಇಂಗ್ಲೆಂಡಿನ ರಾಜನಿಗೆ ಹೋಯಿತು. ಅವನು 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ. ಇವತ್ತು ಅಷ್ಟು ದುಡ್ಡಿಗೆ ದಾದರಿನಲ್ಲಿ ಒಂದು ರಾತ್ರಿಗೆ ಲಾಡ್ಜು ಸಿಕ್ಕರೆ ಪುಣ್ಯ.

ಕಂಪನಿಗೆ ಬೇಕಾಗಿದ್ದದ್ದು ಸೂರತ್ತಿನ ಮೊಗಲ್ ಅಧಿಕಾರಿಗಳ ಹಂಗಿಲ್ಲದ ಸ್ವಂತ ಜಾಗ. ಗವರ್ನರ್ ಜೆರಾಲ್ಡ್ ಆಂಜಿಯರ್ ಬೇರೆ ಬೇರೆ ಜಾತಿ, ಧರ್ಮದ ವ್ಯಾಪಾರಿಗಳನ್ನು ಇಲ್ಲಿಗೆ ಕರೆದ. ನಿಮ್ಮ ದೇವರು ನಿಮಗೆ, ವ್ಯಾಪಾರ ಮಾಡಿಕೊಂಡಿರಿ ಅನ್ನುವುದು ಅವನ ಧೋರಣೆ. ಗೋವಾದಲ್ಲಿ 1560ರಿಂದಲೇ ಇನ್‌ಕ್ವಿಸಿಶನ್, ಅಂದರೆ ಧರ್ಮದ ಹೆಸರಿನಲ್ಲಿ ಜನರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯ, ಶುರುವಾಗಿತ್ತು. ಅಲ್ಲಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಮನೆತನಗಳು ನಮ್ಮ ಕರಾವಳಿಯ ಪೇಟೆಗಳಲ್ಲಿ ಈಗಲೂ ಅಂಗಡಿ ನಡೆಸುತ್ತಿವೆ. ವ್ಯಾಪಾರ ಬಲ್ಲವರನ್ನೇ ಓಡಿಸಿದ ಮೇಲೆ ಗೋವಾಕ್ಕೆ ಎಷ್ಟು ಒಳ್ಳೆಯ ಬಂದರಿದ್ದು ಏನು ಪ್ರಯೋಜನ?

ಹಾಗಂತ ಮುಂಬೈಯೂ ತಕ್ಷಣ ಶ್ರೀಮಂತವಾಗಲಿಲ್ಲ. ಹಿಂದೆ ಸಹ್ಯಾದ್ರಿ, ಅದರಾಚೆ ಮರಾಠರು. ಊರಿನ ಕೈಗೆ ನಿಜವಾದ ದುಡ್ಡು ಬಂದದ್ದು 19ನೇ ಶತಮಾನದಲ್ಲಿ, ಅದರಲ್ಲಿ ದೊಡ್ಡ ಪಾಲು ಅಫೀಮಿನದು. ಇದನ್ನು ಜನ ಮೆಲ್ಲಗೆ ಹೇಳುತ್ತಾರೆ. ನನಗಂತೂ ಇದೇ ಇಡೀ ಕಥೆಯ ಕೀಲಿ ಅನ್ನಿಸುತ್ತದೆ. ಕಲ್ಕತ್ತಾ ಕಡೆ ಅಫೀಮು ಕಂಪನಿಯ ಸ್ವಂತ ದಂಧೆ. ಬಿಹಾರದ ರೈತರಿಂದ ತಾನೇ ಕೊಂಡು, ತಾನೇ ಹರಾಜು ಹಾಕುತ್ತಿತ್ತು. ಇಲ್ಲಿಗೆ ಬರುತ್ತಿದ್ದದ್ದು ಮಾಳವದ ಅಫೀಮು. ಅದು ಬೆಳೆಯುತ್ತಿದ್ದದ್ದು ದೇಶೀ ರಾಜರ ಸೀಮೆಯಲ್ಲಿ. ಅದನ್ನು ತಡೆಯಲು ಕಂಪನಿ ಹೆಣಗಾಡಿತು, ಆಗಲಿಲ್ಲ. ಕೊನೆಗೆ 1830ರ ಸುಮಾರಿಗೆ, ಸುಂಕ ಕಟ್ಟಿ ಮುಂಬೈ ಮೇಲೆ ಸಾಗಿಸಿಕೊಳ್ಳಿ ಅಂತ ಸುಮ್ಮನಾಯಿತು. ಹಾಗಾಗಿ ಈ ಅಫೀಮನ್ನು ಚೀನಾಕ್ಕೆ ಮಾರಿದ ಲಾಭದಲ್ಲಿ ಒಳ್ಳೆಯ ಪಾಲು ಪಾರ್ಸಿ, ಗುಜರಾತಿ, ಮಾರವಾಡಿಗಳ ಕೈಯಲ್ಲೇ ಉಳಿಯಿತು. ಜೆಜೆ ಆಸ್ಪತ್ರೆ ಕಟ್ಟಿಸಿದ ಜಮ್‌ಶೇಟ್‌ಜಿ ಜೀಜೀಭಾಯ್ ದುಡಿದದ್ದೂ ಇದೇ ಹತ್ತಿ, ಅಫೀಮಿನ ವ್ಯಾಪಾರದಲ್ಲಿ.

ಕೈಯಲ್ಲಿ ದುಡ್ಡಿದ್ದವರು 1850ರ ದಶಕದಲ್ಲಿ ಗಿರಣಿ ಹಾಕಿದರು. ತಾರದೇವಿನಲ್ಲಿ ಮೊದಲ ಬಟ್ಟೆ ಗಿರಣಿಗೆ ಕೈಹಾಕಿದವರು ಪಾರ್ಸಿ ವ್ಯಾಪಾರಿ ಕಾವಸ್‌ಜಿ ದಾವರ್, 1854ರಲ್ಲಿ. ಕಲ್ಕತ್ತಾದ ಸೆಣಬಿನ ಗಿರಣಿಗಳು ಹೆಚ್ಚಾಗಿ ಬಿಳಿಯರ ಕೈಯಲ್ಲಿದ್ದವು ಅನ್ನುವುದನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ.

ಇನ್ನು ನಮ್ಮ ಹತ್ತಿಯ ವಿಚಾರ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಲ್ಯಾಂಕಶೈರಿನ ಗಿರಣಿಗಳಿಗೆ ಅಲ್ಲಿಂದ ಹತ್ತಿ ನಿಂತುಹೋಯಿತು, ಮುಂಬೈಯಲ್ಲಿ ಹತ್ತಿಯ ರೇಟು ಗಗನಕ್ಕೇರಿತು. ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಾಟಿ ಇಳಿದು ಕುಮಟೆಗೆ ಬಂದು, ಅಲ್ಲಿಂದ ಸಮುದ್ರದ ಮೇಲೆ ಮುಂಬೈಗೆ ಹೋಗುತ್ತಿತ್ತು. ಮುಂಬೈ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. ಬೆಳೆದದ್ದು ಬಯಲುಸೀಮೆಯವರು, ಹೆಸರು ನಮಗೆ, ಲಾಭ ಮುಂಬೈಗೆ! ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ ಮತ್ತು ಕಾರವಾರ ಬಂದರಿನ ಲೆಕ್ಕಾಚಾರವಿತ್ತು.

ಆ ದುಡ್ಡಿನ ಮತ್ತಿನಲ್ಲಿ ಮುಂಬೈ ಶೇರುಗಳಲ್ಲಿ ಮುಳುಗಿತು. ಪ್ರೇಮಚಂದ್ ರಾಯಚಂದ್ ಅನ್ನುವ ದಲಾಲರ ಮಾತೇ ಮಾರ್ಕೆಟ್ಟು. ಸಮುದ್ರ ತುಂಬಿಸಿ ಹೊಸ ಜಾಗ ಮಾಡುವ ಕಂಪನಿಗಳ ಶೇರು ಕಾಗದಕ್ಕೂ ಜನ ಮುಗಿಬಿದ್ದರು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿ ಬಿತ್ತು, ಕಂಪನಿಗಳು ಮುಳುಗಿದವು, ಬ್ಯಾಂಕ್ ಆಫ್ ಬಾಂಬೆಯೂ ಎದ್ದು ನಿಲ್ಲಲಿಲ್ಲ. ಆದರೂ ಶೇರು ದಲಾಲರು ಊರು ಬಿಟ್ಟು ಹೋಗಲಿಲ್ಲ. 1875ರಲ್ಲಿ ಸಂಘ ಕಟ್ಟಿಕೊಂಡರು, ಅದೇ ಈಗಿನ ಶೇರು ಪೇಟೆ ಬಿಎಸ್‌ಇ. ರಿಸರ್ವ್ ಬ್ಯಾಂಕಿನ ಕೇಂದ್ರ ಕಚೇರಿ 1937ರಲ್ಲಿ ಕಲ್ಕತ್ತಾದಿಂದ ಇಲ್ಲಿಗೆ ಬಂತು.

ದುಡಿದವರ ಲೆಕ್ಕ ಬೇರೆ. ಗಿರಣಗಾಂವಿನ, ಅಂದರೆ ಗಿರಣಿಗಳ ಸುತ್ತಲಿನ ಬಡಾವಣೆಯ, ಚಾಳುಗಳಲ್ಲಿ ಇದ್ದವರು ಹೆಚ್ಚಾಗಿ ರತ್ನಾಗಿರಿ, ಸಾತಾರಾ ಕಡೆಯವರು. ನಮ್ಮ ಕರಾವಳಿಯವರು ಜಾಸ್ತಿ ಹೋಟೆಲು, ಕ್ಯಾಂಟೀನು ಹಿಡಿದರು. ಹಗಲು ಗ್ಲಾಸು ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಮೆಟ್ರಿಕ್ ಪಾಸಾದ ಹಿರಿಯರು ಇಲ್ಲಿ ಬೇಕಾದಷ್ಟು ಸಿಗುತ್ತಾರೆ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಕರೆಕೊಟ್ಟ ಗಿರಣಿ ಮುಷ್ಕರಕ್ಕೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಇಳಿದರು. ಎಷ್ಟೋ ಗಿರಣಿಗಳು ಮತ್ತೆ ಸರಿಯಾಗಿ ತೆರೆಯಲೇ ಇಲ್ಲ. ಮಾಲೀಕರಿಗೆ ಜಾಗವಾದರೂ ಉಳಿಯಿತು, ಲೋವರ್ ಪರೇಲಿನ ಫೀನಿಕ್ಸ್ ಗಿರಣಿ ಈಗ ಮಾಲು. ಕೆಲಸ ಹೋದವರಿಗೆ ಉಳಿದದ್ದು ಬಹಳ ಕಡಿಮೆ.

ಈಗ ಮಂಗಳೂರು, ಕಾರವಾರ. ಮಂಗಳೂರಿನವರಿಗೆ ದುಡ್ಡಿನ ಬುದ್ಧಿ ಇರಲಿಲ್ಲ ಅನ್ನುವ ಹಾಗೇ ಇಲ್ಲ. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್ ಎಲ್ಲ ಹುಟ್ಟಿದ್ದು ಆ ಸೀಮೆಯಲ್ಲೇ. ಕೊರತೆ ಇದ್ದದ್ದು ಘಾಟಿ ಹತ್ತುವ ರೈಲಿನದು. ಮುಂಬೈಯವರು ಪುಣೆ ದಾರಿಯ ಭೋರ್ ಘಾಟಿಗೆ 1863ರಲ್ಲೇ ರೈಲು ಹತ್ತಿಸಿದರು. ದಖ್ಖನ್ನಿನ ಸರಕೆಲ್ಲ ಅಲ್ಲಿಗೆ ಇಳಿಯಿತು. ಗೋವಾದ ಘಾಟಿಗೆ ರೈಲು ಬಂದದ್ದು 1880ರ ದಶಕದಲ್ಲಿ. ಮಂಗಳೂರು–ಹಾಸನ ರೈಲು ಪೂರ್ತಿಯಾದದ್ದು 1979ರಲ್ಲಿ, ಹೊಸ ಬಂದರು ಶುರುವಾದದ್ದೂ 1970ರ ದಶಕದಲ್ಲಿ. ಅಷ್ಟರಲ್ಲಿ ಮುಂಬೈಯನ್ನು ಹಿಡಿಯುವ ಮಾತೆಲ್ಲಿ? ಕಾರವಾರಕ್ಕಂತೂ ಹತ್ತಿಯ ಕಾಲದಲ್ಲೇ ಹುಬ್ಬಳ್ಳಿಯಿಂದ ರೈಲು ಬೇಕು ಅಂತ ಬೇಡಿಕೆ ಇತ್ತು. ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ ನಮ್ಮ ಜಿಲ್ಲೆಯವರು ಇವತ್ತಿಗೂ ಕಾಯುತ್ತಲೇ ಇದ್ದಾರೆ.