“ಮೊದಲು ತೂಕ ಇಳಿಸಿ, ಆಮೇಲೆ ನೋಡೋಣ”

ವಯಸ್ಸು 38, ಶಾಲೆಯಲ್ಲಿ ಟೀಚರ್. ಹೆಸರು ಸುಮಾ ಅಂತಿಟ್ಟುಕೊಳ್ಳಿ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ನಿದ್ದೆ ಬರುವುದಿಲ್ಲ, ಸುಮ್ಸುಮ್ನೆ ಅಳು ಬರುತ್ತದೆ ಅಂತ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಿದ್ದರು. ಮಾತಾಡುತ್ತಾ ಹೋದಾಗ ಗೊತ್ತಾಯಿತು, ಎರಡು ವರ್ಷದಿಂದ ಆಕೆ ಯಾವ ಡಾಕ್ಟರ ಬಾಗಿಲನ್ನೂ ತುಳಿದಿರಲಿಲ್ಲ.

ತೊಂದರೆ ಇರಲಿಲ್ಲ ಅಂತಲ್ಲ. ಒಂದು ಮಹಡಿ ಹತ್ತಿದರೆ ಏದುಸಿರು, ತಲೆಸುತ್ತು. ಮುಟ್ಟಾದರೆ ಎಂಟೊಂಬತ್ತು ದಿನ, ಸ್ರಾವವೂ ಜಾಸ್ತಿ. ಕೊನೆಯ ಸಲ ಕ್ಲಿನಿಕ್‌ಗೆ ಹೋದಾಗ ತಿಂಡಿ ತಿನ್ನದೆ, ಬಳೆ ಬಿಚ್ಚಿಟ್ಟು ಹೋಗಿದ್ದರಂತೆ, ತೂಕದಲ್ಲಿ ನೂರು ಗ್ರಾಮಾದರೂ ಕಡಿಮೆ ಬರಲಿ ಅಂತ. ನರ್ಸ್ ಆ ತೂಕವನ್ನು ಕಾಯುತ್ತಾ ಕೂತವರಿಗೆಲ್ಲ ಕೇಳುವಂತೆ ಕೂಗಿ ಹೇಳಿದರು. ಡಾಕ್ಟರು ಸ್ಟೆತಾಸ್ಕೋಪನ್ನೂ ಮುಟ್ಟಲಿಲ್ಲ. “ಏದುಸಿರು ಬರದೆ ಇನ್ನೇನಮ್ಮ? ಮೊದಲು ತೂಕ ಇಳಿಸಿ, ಆಮೇಲೆ ನೋಡೋಣ” ಎಂದರು. ಮುಟ್ಟಿನ ವಿಷಯ ಹೇಳಲು ಆಕೆಗೆ ಬಾಯೇ ಬರಲಿಲ್ಲ.

ತೂಕಕ್ಕೂ ಆರೋಗ್ಯಕ್ಕೂ ಸಂಬಂಧವಿಲ್ಲ ಅಂತ ನಾನು ಹೇಳುವುದಿಲ್ಲ. ಸಕ್ಕರೆ ಕಾಯಿಲೆಗೆ, ಮಂಡಿನೋವಿಗೆ ಖಂಡಿತ ಇದೆ. ಆದರೆ ಏದುಸಿರಿಗೆ ರಕ್ತಹೀನತೆ, ಥೈರಾಯ್ಡ್, ಆಸ್ತಮಾ, ಹೃದಯದ ತೊಂದರೆ, ಏನು ಬೇಕಾದರೂ ಕಾರಣ ಇರಬಹುದು. ದಪ್ಪಗಿದ್ದಾರೆ ಅಂತ ಇವನ್ನೆಲ್ಲ ನೋಡದೆ ಬಿಡುವುದು ಎಂಥ ವೈದ್ಯಕೀಯ? ಇಂಥ ಹೀಯಾಳಿಕೆಯಿಂದ ರೋಗಿಗಳಿಗೆ ಸರಿಯಾದ ಚಿಕಿತ್ಸೆ ತಪ್ಪಿಹೋಗುತ್ತದೆ ಎಂದು ಹಲವು ದೇಶಗಳ ತಜ್ಞರು 2020ರಲ್ಲೇ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಒಟ್ಟಾಗಿ ಎಚ್ಚರಿಸಿದ್ದರು.

“ನಾನೇ ಸೋಮಾರಿ ಮೇಡಂ” ಅನ್ನುತ್ತಿದ್ದರು ಸುಮಾ. ಸುಸ್ತು ಒಂದು ಲಕ್ಷಣ, ನಿಮ್ಮ ಗುಣ ಅಲ್ಲ ಅಂದೆ. ಬೇರೆ ಡಾಕ್ಟರ ಅಭಿಪ್ರಾಯ ಕೇಳುವುದು ರೋಗಿಯ ಹಕ್ಕು, ಅದನ್ನು ಬಳಸಿ ಅಂದೆ. ಹೋಗುವಾಗ ಚೀಟಿ ಬರೆದುಕೊಂಡು ಹೋಗಿ, ಮುಟ್ಟಿನದ್ದೇ ಮೊದಲ ಸಾಲು: ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್, ರಕ್ತ ಹೆಪ್ಪುಗಟ್ಟಿ ಹೋಗುತ್ತದಾ. ಬಿಪಿ ನೋಡುವಾಗ ತೋಳಿಗೆ ಸುತ್ತುವ ದೊಡ್ಡ ಪಟ್ಟಿ ಕೇಳಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ತೂಕದ ಮಾತು ಬಂದರೆ ಜಗಳ ಬೇಡ. “ಅದನ್ನೂ ನೋಡೋಣ ಡಾಕ್ಟ್ರೇ. ಸಣ್ಣಗಿರೋರಿಗೆ ಹೀಗೆ ಏದುಸಿರು ಬಂದಿದ್ರೆ ಯಾವ ಟೆಸ್ಟ್ ಬರೀತಿದ್ರಿ?” ಅಂತ ಕೇಳಿ. ನಾನೇ ಡಾಕ್ಟರ ಪಾತ್ರದಲ್ಲಿ ಕೂತು ಆಕೆಯಿಂದ ಇದನ್ನು ಹೇಳಿಸಿದೆ. ಮೊದಮೊದಲು ಆಕೆಗೆ ದನಿಯೇ ಏಳುತ್ತಿರಲಿಲ್ಲ.

ಹೊಸ ಡಾಕ್ಟರು ಚೀಟಿ ನೋಡಿದ ಕೂಡಲೇ ರಕ್ತಪರೀಕ್ಷೆ ಬರೆದುಕೊಟ್ಟರು. ಹೆಂಗಸರಿಗೆ ಕನಿಷ್ಠ 12 ಇರಬೇಕಾದ ಹಿಮೋಗ್ಲೋಬಿನ್ 7.6 ಇತ್ತು, ಅಂದರೆ ರಕ್ತಹೀನತೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಕಂಡಿತು, ಮುಟ್ಟಿನಲ್ಲಿ ಸ್ರಾವ ಜಾಸ್ತಿ ಮಾಡುವಂಥದ್ದು. ಈಗ ಚಿಕಿತ್ಸೆ ನಡೆದಿದೆ, ನಿದ್ದೆಯೂ ಸ್ವಲ್ಪ ಸುಧಾರಿಸಿದೆ. ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ. ಸುಮಾ ತಟ್ಟೆಗೆ ಅನ್ನ ಬಡಿಸಿಕೊಳ್ಳುವಾಗ ಒಂದು ಮಾತು ಎಸೆಯುವ ಚಾಳಿ ಅವರಿಗೂ ಇದೆಯಂತೆ.